ಉದ್ದ ಮೇಜಿನ ಮಾತು

ಉದ್ದನೆಯ ಹಳೆ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು. ಅಡ್ಡ ತಿರುಗಿಸಿದರೂ ಹೋಗಲಿಲ್ಲ, ನೆಟ್ಟಗೆ ಎತ್ತಿ ನಿಲ್ಲಿಸಿದರೂ ಹೋಗಲಿಲ್ಲ. ಕೊನೆಗೆ ಬಡಗಿ ಬಂದು ನಟ್ಟನಡುವೆ ಗರಗಸ ಆಡಿಸಿ ಎರಡು ತುಂಡು ಮಾಡಿದ ಮೇಲೆಯೇ ಅದು ಇಸ್ತ್ರಿ ಕೋಣೆ ಬಿಟ್ಟು ಹೊರಟದ್ದು.

“ಹೋಗೋವಾಗ್ಲೂ ಎಷ್ಟು ಹಟ ನೋಡು, ನಮ್ಮತ್ತೆ ಥರ,” ಎಂದ ಗಳ. ಆಳು ಆರಡಿಗೂ ಮೇಲೆ, ಮೈಯಲ್ಲಿ ಹಿಡಿ ಮಾಂಸವಿಲ್ಲ. ಆ ಲಾಂಡ್ರಿಯಲ್ಲಿ ಅವನಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಎಲ್ಲರೂ ನಕ್ಕರು. ಇಸ್ತ್ರಿ ಕೋಣೆಯ ಉಸ್ತುವಾರಿ ನೋಡುತ್ತಿದ್ದ ದೊಡ್ಡಕ್ಕನೂ ನಕ್ಕಳು. ಗಿಳಿ ಮಾತ್ರ ನೆಲಕ್ಕೆ ಉದುರಿದ ಮರದ ಪುಡಿಯನ್ನು ಕಾಲಿನಿಂದ ಒಂದೇ ಕಡೆ ಕೂಡಿಸುತ್ತ ನಿಂತಿದ್ದಳು. ಮಾತು ಬಾರದವಳಿಗೆ ಗಿಳಿ ಎಂದು ಹೆಸರಿಟ್ಟವನೂ ಗಳನೇ. ಮೊದಲು ಅದು ಕುಚೋದ್ಯಕ್ಕೆ ಇಟ್ಟದ್ದು, ಆಮೇಲೆ ಪ್ರೀತಿಗೆ ಉಳಿದದ್ದು.

ಅವಳನ್ನು ಕೆಲಸಕ್ಕೆ ಕರೆತಂದವಳು ದೊಡ್ಡಕ್ಕ. ಒಂದೇ ಬೀದಿಯ ಪರಿಚಯ. ಗಿಳಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಶಾಲೆಯ ಮೆಟ್ಟಿಲು ಹತ್ತಿಸಿದವರಿಲ್ಲ, ತಾಯಿ ಹೋದ ಮೇಲೆ ಅಣ್ಣನ ಮನೆಯ ಮೂಲೆ ಹಿಡಿದಿದ್ದಳು. ಅಣ್ಣ ಕೆಟ್ಟವನಲ್ಲ, ಆದರೆ ಅವನಿಗೆ ತಂಗಿ ಎಂದರೆ ತೀರಿಸಬೇಕಾದ ಒಂದು ಕೆಲಸ. ದೂರದ ಸಂಬಂಧದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳಿದ್ದಳು. ಅವಳ ಸೇವೆಗೆ ಇವಳನ್ನು ಕಳಿಸಿಬಿಟ್ಟರೆ ಅಲ್ಲೇ ಊಟ, ಅಲ್ಲೇ ನಿದ್ದೆ, ತನಗೂ ನಿರಾಳ ಎಂಬ ಲೆಕ್ಕ ಅವನದು. ಇಪ್ಪತ್ತು ದಾಟಿದ ಗಟ್ಟಿ ಹುಡುಗಿ ಬೇರೆಯವರ ಮನೆಯ ಕತ್ತಲ ಕೋಣೆಯಲ್ಲಿ ಮುದುಕಿಯ ಮಲಮೂತ್ರ ಬಳಿಯುತ್ತ ಮುದುಕಿಯಾಗುವುದನ್ನು ದೊಡ್ಡಕ್ಕನಿಗೆ ನೆನೆಯಲಾಗಲಿಲ್ಲ. ನೇರ ಯಜಮಾನರ ಮುಂದೆ ಹೋಗಿ ನಿಂತಳು.

“ಕಿವಿ ಕೇಳಲ್ಲ, ಬಾಯಿ ಬರಲ್ಲ. ಇದು ಬೆಂಕಿ ಜೊತೆ ಸರಸ ಆಡೋ ಕೆಲಸ. ಏನಾದ್ರೂ ಆದ್ರೆ ಯಾರಮ್ಮಾ ಹೊಣೆ?”

“ನಾನು.”

“ನಿನ್ನ ಹೊಣೆ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?”

“ಕಿವಿ ಇರೋರೇ ಐದು ಜನ ಇದೀವಿ ಅಲ್ಲಿ. ನೀವು ಹೇಳಿದ್ದು ಇವತ್ತಿನವರೆಗೂ ಯಾರ ಕಿವಿಗೆ ಹೋಗಿದೆ, ಯಜಮಾನ್ರೇ?”

ಯಜಮಾನರಿಗೆ ನಗು ಬಂತು. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ. ಗಿಳಿ ಒಳಗೆ ಬಂದಳು.

ಮೊದಮೊದಲು ಅವಳನ್ನು ಕರೆಯುವುದೇ ದೊಡ್ಡ ಪ್ರಯಾಸ. ಆಸ್ಪತ್ರೆಯ ಹೊದಿಕೆ, ಹೋಟೆಲಿನ ಮೇಜುಬಟ್ಟೆ, ದಿಂಬಿನ ಚೀಲ ಎಂದು ಬಟ್ಟೆ ರಾಶಿರಾಶಿಯಾಗಿ ಬಂದು ಬೀಳುವ ಜಾಗ. ಇದು ಮೊದಲು, ಅದು ಆಮೇಲೆ ಎಂದು ಕೂಗಿಕೊಂಡೇ ಕೆಲಸ ಸಾಗಬೇಕು. ಒಂದು ದಿನ ಗಳನ ಕೈಯಿಂದ ಇಸ್ತ್ರಿಪೆಟ್ಟಿಗೆ ಜಾರಿ ಮೇಜಿನ ಮೇಲೆ ಧಡ್ಡನೆ ಬಿತ್ತು. ಮೇಜಿನ ಆ ತುದಿಯಲ್ಲಿದ್ದ ಗಿಳಿ ತಟ್ಟನೆ ತಲೆ ಎತ್ತಿ ಸರಿಯಾಗಿ ಅವನ ಕಡೆಗೇ ನೋಡಿದಳು. ಗಳ ಮೆಲ್ಲಗೆ ಮೇಜಿಗೊಂದು ಗುದ್ದು ಕೊಟ್ಟ. ಮತ್ತೆ ನೋಡಿದಳು. ಎಲ್ಲರೂ ಇಸ್ತ್ರಿ ನಿಲ್ಲಿಸಿ ಮೇಜು ಬಡಿಯತೊಡಗಿದರು. ಅವಳು ಒಬ್ಬೊಬ್ಬರ ಕಡೆಗೂ ತಿರುಗಿ ತಿರುಗಿ, ಕಚಗುಳಿ ಇಟ್ಟ ಹಾಗೆ ನಕ್ಕಳು. ದಪ್ಪ ಮರದ ಒಂದೇ ಹಲಗೆಯ ಮೇಜು. ಈ ತುದಿಯ ಪೆಟ್ಟು ಆ ತುದಿಯ ಅಂಗೈಗೆ ನೇರ ಹೋಗಿ ಮುಟ್ಟುತ್ತಿತ್ತು.

ಅಲ್ಲಿಂದ ಮೇಜಿಗೆ ಮಾತು ಬಂತು. ಒಂದು ಗುದ್ದಿದರೆ ಇತ್ತ ನೋಡು. ಎರಡು ಗುದ್ದಿದರೆ ಬಟ್ಟೆ ಬಂತು. ಬೆರಳ ತುದಿಗಳು ಮಳೆ ಹನಿಯ ಹಾಗೆ ಓಡಿದರೆ ಯಜಮಾನರು ಬರುತ್ತಿದ್ದಾರೆ. ಅಂಗೈ ಬಡಿದು ಎಳೆದರೆ ಗಳ ಏನೋ ಪೋಲಿ ಮಾತಾಡಿದ, ನೀನೂ ನಗು ಎಂದರ್ಥ. ಏನೆಂದು ತಿಳಿಯದಿದ್ದರೂ ಅವಳು ನಗುತ್ತಿದ್ದಳು. ಗಳನ ಮಾತು ತಿಳಿದವರಿಗಿಂತ ಅವಳೇ ಹೆಚ್ಚು ನಗುತ್ತಿದ್ದಳು. ಸಂಬಳ ಬರತೊಡಗಿದ ಮೇಲೆ ಅವಳ ಮನೆಯಲ್ಲೂ ಗಾಳಿ ಬದಲಾಯಿತು. ಮೊದಲು ತಟ್ಟೆ ಮುಂದಿಟ್ಟು ಎದ್ದು ಹೋಗುತ್ತಿದ್ದ ಅತ್ತಿಗೆ ಈಗ ಎದುರು ಕೂತು ತಿನ್ನುತ್ತಿದ್ದಳು. ಹಾಸಿಗೆ ಹಿಡಿದ ಮುದುಕಿಯ ಸುದ್ದಿ ಯಾರೂ ಎತ್ತುತ್ತಿರಲಿಲ್ಲ.

ಈಚೆಗೆ ಯಜಮಾನರಿಗೆ ಮೈಯಲ್ಲಿ ಹುಷಾರಿರಲಿಲ್ಲ. ಕಾರುಬಾರೆಲ್ಲ ಅಳಿಯನ ಕೈಗೆ ಬಂದಿತ್ತು. ಮೆತ್ತಗಿನ ಮಾತಿನ ಮನುಷ್ಯ, ಆಳುಗಳನ್ನು ಬಹುವಚನದಲ್ಲಿ ಮಾತಾಡಿಸುವವನು. ನಿಂತು ನಿಂತು ಎಲ್ಲರ ಸೊಂಟ ಬಿದ್ದು ಹೋಗಿರುವುದನ್ನು ನೋಡಿ ಅವನೇ ಖರ್ಚು ಮಾಡಿ ಹೊಸ ಮೇಜು ತರಿಸಿದ್ದ. ಉಕ್ಕಿನ ಆರು ಮೇಜು, ಅವರವರ ಎತ್ತರಕ್ಕೆ ಏರಿಸಿ ಇಳಿಸುವಂಥವು. ಒಂದೊಂದೂ ಗೋಡೆಗೆ ಮುಖ ಮಾಡಿ, ನೆಲಕ್ಕೆ ಬೋಲ್ಟು ಬಿಗಿದು, ಅಕ್ಕಪಕ್ಕ ಎದೆಯೆತ್ತರದ ತಡಿಕೆ. ಎದುರಿಗೇ ಸ್ವಿಚ್ಚು, ತಲೆಯ ಮೇಲೆ ಸ್ವಂತ ದೀಪ.

“ನಾವೀಗ ಲಾಯದ ಕುದುರೆಗಳು ಕಣ್ರೋ,” ಎಂದ ಗಳ, ತಡಿಕೆಯ ಮೇಲೆ ಕತ್ತು ಚಾಚಿ. “ಹುಲ್ಲು ಯಾವಾಗ ಹಾಕ್ತಾರಂತೆ?”

ವಾರ ಕಳೆದ ಮೇಲೆ ಅಳಿಯ ಬಂದು ಕೇಳಿದ. “ಹೇಗಿದೆ ದೊಡ್ಡಕ್ಕ? ಯಾರಿಗಾದ್ರೂ ತೊಂದರೆ ಇದ್ರೆ ಈಗಲೇ ಹೇಳಿಬಿಡಿ.”

ದೊಡ್ಡಕ್ಕ ಗಿಳಿಯ ಕಡೆ ನೋಡಿದಳು. ಗಿಳಿ ಅಂಗೈಯನ್ನು ಉಕ್ಕಿನ ಮೇಲೆ ಊರಿ ಗೋಡೆ ನೋಡುತ್ತ ನಿಂತಿದ್ದಳು. ಬಟ್ಟೆ ಅವಳ ಬೆನ್ನ ಹಿಂದೆ ಬಂದು ಬಿದ್ದಿತ್ತು. ಯಾರು ಹೇಳಬೇಕು ಅವಳಿಗೆ? ಹೇಳಬೇಕೆಂದು ದೊಡ್ಡಕ್ಕನ ನಾಲಿಗೆಯ ತುದಿಗೆ ಬಂತು. ಆದರೆ ಎಷ್ಟೋ ವರ್ಷಗಳ ಮೇಲೆ ಆ ವಾರ ಅವಳ ಸೊಂಟ ನೋಯದೆ ನಿದ್ದೆ ಬಂದಿತ್ತು. ಪಕ್ಕದ ಲಾಯದ ಹೆಂಗಸು ಮೇಜನ್ನು ಮುದ್ದಿಸುವುದೊಂದು ಬಾಕಿ. ಕೊಟ್ಟ ಕೈಯನ್ನೇ ಹಿಡಿದು ಹುಳುಕು ತೋರಿಸುವುದು ಹೇಗೆ?

“ಚೆನ್ನಾಗಿದೆ ಸ್ವಾಮಿ,” ಎಂದಳು. “ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ.”

ಗಿಳಿಯ ಕೆಲಸ ಅಲ್ಲಿಂದ ಹಿಂದೆ ಬಿತ್ತು. ಆಸ್ಪತ್ರೆಯ ಬಟ್ಟೆ ಮೊದಲು ಎಂದರೆ ಅವಳು ಹೋಟೆಲಿನದನ್ನು ಮುಗಿಸುತ್ತಿದ್ದಳು. ಸುಮ್ಮನೆ ನಿಲ್ಲಬೇಕಾದಾಗ ತೀಡುತ್ತಿದ್ದಳು, ತೀಡಬೇಕಾದಾಗ ಸುಮ್ಮನೆ ನಿಲ್ಲುತ್ತಿದ್ದಳು. ಒಮ್ಮೆ ಅವಸರದಲ್ಲಿ ದೊಡ್ಡಕ್ಕ ಹಿಂದಿನಿಂದ ಬಂದು ಅವಳ ಪಕ್ಕೆಗೆ ತಿವಿದಳು. ಗಿಳಿ ಬೆಚ್ಚಿ ಹಾರಿದ ರಭಸಕ್ಕೆ ಕಾದ ಪೆಟ್ಟಿಗೆಯ ಅಂಚು ಅವಳ ಮುಂಗೈಗೇ ತಗಲಿತು. ಬೊಬ್ಬೆ ಎದ್ದಿತು. ದೊಡ್ಡಕ್ಕ ಮುಲಾಮು ಹಚ್ಚುತ್ತ ತನ್ನನ್ನು ತಾನೇ ಬೈದುಕೊಂಡಳು. ಗಿಳಿ ಅವಳ ಗಲ್ಲ ಹಿಡಿದು, ಏನೂ ಆಗಿಲ್ಲ ಎಂದು ತಲೆಯಾಡಿಸಿದಳು.

“ಇನ್ನು ಮೇಲೆ ಯಾರೂ ಅವಳನ್ನ ಮುಟ್ಟಿ ಕರೀಬಾರ್ದು,” ಎಂದು ದೊಡ್ಡಕ್ಕ ಅಪ್ಪಣೆ ಕೊಟ್ಟಳು.

“ಮುಟ್ಟದೆ ಕರೆಯೋಕೆ ನಾನೇನು ಮಂತ್ರವಾದಿಯಾ?” ಎಂದು ಗೊಣಗಿದ ಗಳ. ಸ್ವಲ್ಪ ಹೊತ್ತು ಯೋಚಿಸಿ, ಬಟ್ಟೆಗೆ ನೀರು ಒತ್ತುವ ಒದ್ದೆ ಚಿಂದಿಯನ್ನು ಉಂಡೆ ಕಟ್ಟಿ ತಡಿಕೆಗಳ ಮೇಲಿಂದ ಎಸೆದ. ಅದು ಗಿಳಿಯ ಎದುರಿನ ಗೋಡೆಗೆ ಪಚ್ಚೆಂದು ಬಡಿದು ಮೇಜಿಗೆ ಬಿತ್ತು. ಗಿಳಿ ಬೆಚ್ಚಲಿಲ್ಲ. ಉಂಡೆ ನೋಡಿದಳು, ತಿರುಗಿ ಗಳನನ್ನು ನೋಡಿದಳು, ಎತ್ತಿಕೊಂಡು ಗುರಿಯಿಟ್ಟು ಅವನ ಮೂಗಿಗೇ ಹೊಡೆದಳು.

ಅವತ್ತು ಇಸ್ತ್ರಿ ಕೋಣೆಯಲ್ಲಿ ಬಿದ್ದ ನಗೆ ಯಂತ್ರದ ಕೋಣೆಯವರೆಗೂ ಕೇಳಿಸಿತಂತೆ.

ಒಂದು ಉಂಡೆ ಬಂದರೆ ಇತ್ತ ನೋಡು, ಎರಡು ಬಂದರೆ ಬಟ್ಟೆ ಬಂತು. ಹಳೆಯ ಮಾತೇ, ಹೊಸ ನಾಲಿಗೆ. ಗಿಳಿಯ ಕೆಲಸ ಮತ್ತೆ ಹಳಿಗೆ ಬಂತು. ಗುರಿ ತಪ್ಪಿದಾಗ ಉಂಡೆ ಅವಳ ಕತ್ತಿಗೋ ಕೆನ್ನೆಗೋ ಬೀಳುತ್ತಿತ್ತು. ಅದನ್ನು ಅವಳು ಬಡ್ಡಿ ಸಮೇತ ತೀರಿಸುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಅದು ಹೇಗೆ ಕಂಡೀತು ಎಂದು ಯೋಚಿಸಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಹೊರಗಿನವರು ಬಂದೇ ಬಂದರು. ದೊಡ್ಡ ಹೋಟೆಲಿನಲ್ಲಿ ಕೋಣೆಗಳ ವ್ಯವಸ್ಥೆ ನೋಡುವ ಮೇಡಂ. ಲಾಂಡ್ರಿಯ ಅರ್ಧ ಕೆಲಸ ಆ ಹೋಟೆಲಿನದೇ. ಹೊಸ ಮೇಜುಗಳನ್ನು ತೋರಿಸಲು ಅಳಿಯ ಅವರನ್ನು ಇಸ್ತ್ರಿ ಕೋಣೆಗೆ ಕರೆತಂದ. ಬಾಗಿಲು ತೆರೆಯುವುದಕ್ಕೂ ಗಳನ ಉಂಡೆ ಗಿಳಿಯ ಕೆನ್ನೆಗೆ ಪಟಾರನೆ ಬಡಿಯುವುದಕ್ಕೂ ಸರಿಹೋಯಿತು. ಎಲ್ಲರೂ ಘೊಳ್ಳೆಂದು ನಕ್ಕರು.

ಮೇಡಂ ಅಲ್ಲೇ ನಿಂತರು. “ಆ ಹುಡುಗಿಗೆ ಏನಾಗಿದೆ?”

“ಕಿವಿ ಕೇಳಲ್ಲ ಮೇಡಂ, ಮಾತೂ ಬರಲ್ಲ,” ಎಂದ ಅಳಿಯ. ಅಂಥವಳಿಗೂ ಕೆಲಸ ಕೊಟ್ಟಿದ್ದೇವೆ ಎಂಬ ಸಣ್ಣ ಹೆಮ್ಮೆ ಅವನ ದನಿಯಲ್ಲಿತ್ತು.

“ಅದಕ್ಕೇ ಎಲ್ಲ ಸೇರಿ ಕೊಳೆ ಬಟ್ಟೆಯಲ್ಲಿ ಹೊಡೀತೀರಾ? ನಗ್ತೀರಾ?” ಮೇಡಂ ಕಣ್ಣಲ್ಲಿ ನೀರು ಬಂದಿತ್ತು. “ನನ್ನ ಹೋಟೆಲಿನ ಬಟ್ಟೆ ಇಂಥ ಕಡೆ ಬರೋದು ನನಗೆ ಬೇಡ.”

ಅಳಿಯನ ಮುಖ ಸುಣ್ಣ ಬಳಿದಂತಾಯಿತು. ಅವತ್ತೇ ದೊಡ್ಡಕ್ಕನನ್ನು ಕರೆಸಿದ. ದೊಡ್ಡಕ್ಕ ಹಳೆ ಮೇಜಿನ ಕತೆಯಿಂದ ಹಿಡಿದು ಉಂಡೆಯ ಕತೆಯವರೆಗೂ ಎಲ್ಲ ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ.

“ನಾನು ತೊಂದರೆ ಇದೆಯಾ ಅಂತ ಕೇಳಿದಾಗ ಯಾಕೆ ಹೇಳಲಿಲ್ಲ?”

ದೊಡ್ಡಕ್ಕ ಪಾದದಿಂದ ನೆಲ ತಟ್ಟಿದಳು. “ಈಗ ಹೇಳ್ತೀನಿ ಸ್ವಾಮಿ. ಆರು ಮೇಜಿನ ಮುಂದೂ ಹಾದು ಹೋಗೋ ಹಾಗೆ ನೆಲದ ಮೇಲೆ ಒಂದು ಉದ್ದ ಹಲಗೆ ಹಾಕಿಸಿಕೊಡಿ. ನಾವೆಲ್ಲ ಅದರ ಮೇಲೇ ನಿಂತ್ಕೋತೀವಿ. ನಾವು ಕಾಲಲ್ಲಿ ತಟ್ಟಿದ್ರೆ ಅವಳ ಪಾದಕ್ಕೆ ತಿಳಿಯುತ್ತೆ. ಅಷ್ಟೇ, ಬೇರೇನೂ ಬೇಡ.”

“ಹಲಗೆ,” ಎಂದ ಅಳಿಯ. “ನೀರು ಬಿದ್ದು ಕೊಳೆಯಲ್ವಾ? ನೆಲ ತೊಳೆಯೋದು ಹೇಗೆ?” ಎಂದು ಯೋಚಿಸಿದ. “ಆದ್ರೂ ಕೆಟ್ಟ ಯೋಚನೆ ಅಲ್ಲ. ನೋಡೋಣ. ಮೊದಲು ಆ ಮೇಡಂ ಕೋಪ ಇಳೀಲಿ. ನಾನು ಮಾತಾಡ್ತಾ ಇದ್ದೀನಿ. ಅಲ್ಲಿವರೆಗೆ ಅವಳು ಇರಲಿ, ಉಂಡೆ ಗಿಂಡೆ ಮಾತ್ರ ಬೇಡ.”

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಹಲಗೆ ಬರುತ್ತಿತ್ತೋ ಏನೋ. ಆದರೆ ದೊಡ್ಡಕ್ಕ ಕೈಕಟ್ಟಿ ಕೂರುವ ಪೈಕಿಯಲ್ಲ. ಆ ಮೇಡಂ ಕೂಡ ಹೆಣ್ಣು, ಕಣ್ಣೀರು ಹಾಕಿದವಳು, ಮುಖಾಮುಖಿ ಹೇಳಿದರೆ ಅರ್ಥವಾಗದೆ ಇರುತ್ತದೆಯೇ ಎಂದುಕೊಂಡಳು. ರಜೆಯ ದಿನ ಗಿಳಿಗೆ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಡಿಸಿ ಹೋಟೆಲಿಗೆ ಕರೆದುಕೊಂಡು ಹೋದಳು. “ನಾನೂ ಬರ್ತೀನಿ, ಹೊಡೆದೋನು ನಾನೇ ಅಲ್ವಾ?” ಎಂದು ಗಳ ಹಿಂದೆ ಬಿದ್ದ. “ನಿನ್ನ ಮುಖ ನೋಡಿದ್ರೆ ಆಗೋ ಕೆಲಸಾನೂ ಆಗಲ್ಲ,” ಎಂದು ದೊಡ್ಡಕ್ಕ ಅವನ ಬಾಯಿ ಮುಚ್ಚಿಸಿದಳು.

ಹಿಂಬಾಗಿಲಲ್ಲಿ ಬಹಳ ಹೊತ್ತು ಕಾದ ಮೇಲೆ ಮೇಡಂ ಒಳಗೆ ಕರೆಸಿದರು. ಕುರ್ಚಿ ಕೊಟ್ಟರು. ಗಿಳಿಯ ಎರಡೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ದೊಡ್ಡಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮೇಜು, ಗುದ್ದು, ತಡಿಕೆ, ಉಂಡೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಮೇಡಂ ತಲೆಯಾಡಿಸುತ್ತ ಕೇಳಿದರು.

“ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ ಅಮ್ಮಾ,” ಎಂದರು ಕೊನೆಗೆ. “ಲಾಂಡ್ರಿಯವರೇ ನಿಮ್ಮನ್ನ ಹೀಗೆ ಹೇಳೋಕೆ ಕಳಿಸಿರಬೇಕು.”

“ಅಯ್ಯೋ, ಯಾರೂ ಕಳಿಸಿಲ್ಲ ಮೇಡಂ! ನಾನೇ ಬಂದೆ.”

“ಹಾಗಾದ್ರೆ ಇದೇನು?” ಗಿಳಿಯ ಉಡುಪಿನ ತೋಳು ಮೇಲೆ ಸರಿದು ಮುಂಗೈಯ ಗಾಯದ ಕಲೆ ಕಾಣುತ್ತಿತ್ತು. ಮೇಡಂ ಅದನ್ನು ಬೆರಳಿನಿಂದ ಮುಟ್ಟಿ, ಯಾರು ಮಾಡಿದ್ದು ಎಂಬಂತೆ ಗಿಳಿಯ ಮುಖ ನೋಡಿ ಹುಬ್ಬೇರಿಸಿದರು.

ಗಿಳಿಗೆ ಖುಷಿಯಾಯಿತು. ಅವಳನ್ನು ಯಾರಾದರೂ ಏನಾದರೂ ಕೇಳುವುದೇ ಅಪರೂಪ. ದೊಡ್ಡಕ್ಕನ ಕಡೆ ಬೆರಳು ತೋರಿಸಿದಳು. ಎದ್ದು ನಿಂತು ತನ್ನ ಪಕ್ಕೆಗೆ ತಾನೇ ತಿವಿದುಕೊಂಡು, ಬೆಚ್ಚಿ ಹಾರಿ, ಕೈ ಸುಟ್ಟದ್ದನ್ನು ಆಡಿ ತೋರಿಸಿದಳು. ಆಮೇಲೆ ನಕ್ಕು ದೊಡ್ಡಕ್ಕನ ಭುಜಕ್ಕೆ ತಲೆ ಆನಿಸಿದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇನ್ನು ದೊಡ್ಡಕ್ಕ ಏನು ಹೇಳಿದರೇನು? ಮೇಡಂ ಮುಖ ಬಾಗಿಲು ಮುಚ್ಚಿದ ಹಾಗೆ ಮುಚ್ಚಿಕೊಂಡಿತ್ತು.

ಮಾರನೆಯ ದಿನ ಅಳಿಯ ದೊಡ್ಡಕ್ಕನನ್ನು ಎದುರು ನಿಲ್ಲಿಸಿಕೊಂಡ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

“ಎಲ್ಲ ಒಂದು ದಾರಿಗೆ ತಂದಿದ್ದೆ ದೊಡ್ಡಕ್ಕ. ಈಗ ನೀವು ಆ ಹುಡುಗಿಗೆ ಬರೆ ಹಾಕಿದ್ದೀರಿ ಅಂತಿದ್ದಾರೆ ಅವರು. ಅವಳನ್ನ ಅಲ್ಲಿಂದ ಬಿಡಿಸಿ, ಇಲ್ಲಾಂದ್ರೆ ನಾವು ನಿಮ್ಮ ಲಾಂಡ್ರಿ ಬಿಡ್ತೀವಿ ಅಂತ ಮಾತು ಬಂದಿದೆ. ಅವರಿಗೂ ಅವಳ ಒಳ್ಳೇದೇ ಬೇಕು.”

“ಒಳ್ಳೇದು ಬೇಕಿದ್ರೆ ಅವರ ಹೋಟೆಲಲ್ಲೇ ಒಂದು ಕೆಲಸ ಕೊಡ್ಲಿ.”

“ಕೇಳಿದೆ. ಅಂಥವರನ್ನ ಇಟ್ಕೊಳ್ಳೋ ಅನುಕೂಲ ಅಲ್ಲಿಲ್ವಂತೆ.”

“ನನ್ನ ತೆಗೀರಿ. ತಪ್ಪು ನಂದು.”

“ಗಳನೂ ಬೆಳಿಗ್ಗೆ ಬಂದು ಇದೇ ಹಾಡು ಹಾಡಿ ಹೋದ. ನಿಮ್ಮಿಬ್ಬರನ್ನೂ ತೆಗೆದ್ರೆ ಲಾಂಡ್ರಿ ಯಾರು ನಡೆಸ್ತಾರೆ? ನಿಮ್ಮನ್ನ ತೆಗೆದ ಮೇಲೂ ಅವಳಿಗೆ ಏನಾದ್ರೂ ಆದ್ರೆ ಹೊಣೆ ಯಾರು?” ಅವನು ಹಣೆ ಉಜ್ಜಿಕೊಂಡ. “ಸಂಬಳ ಪೂರ್ತಿ ಕೊಡ್ತೀನಿ. ನೀವೇ ಹೇಳಿಬಿಡಿ ಅವಳಿಗೆ. ನನಗೆ ಅವಳ ಹತ್ರ ಮಾತಾಡೋಕೆ ಬರಲ್ಲ.”

“ಆ ಹಲಗೆ, ಸ್ವಾಮಿ?”

“ಇನ್ನು ಯಾರಿಗೆ?” ಎಂದ ಅವನು. ಕೊಂಕಿನಿಂದಲ್ಲ, ನಿಜವಾಗಿಯೇ ಕೇಳಿದ.

ಹೇಳುವುದು ಹೇಗೆ? ನೋಡು, ಬಟ್ಟೆ ಬಂತು, ಯಜಮಾನರು ಬಂದರು, ನಗು. ಅವರ ನಡುವೆ ಇದ್ದದ್ದು ಇಷ್ಟೇ ಮಾತು. ನಿನ್ನದೇನೂ ತಪ್ಪಿಲ್ಲ, ಆದರೂ ನೀನು ಬೇಡ ಎಂಬುದಕ್ಕೆ ಅವರಲ್ಲಿ ಗುದ್ದು ಇರಲಿಲ್ಲ. ಸಂಜೆ ಗೇಟಿನ ಹತ್ತಿರ ದೊಡ್ಡಕ್ಕ ಲಾಂಡ್ರಿಯ ಕಡೆ ಕೈ ತೋರಿಸಿ, ನಾಳೆ ಬೇಡ ಎಂದು ಕೈಯಾಡಿಸಿದಳು. ಗಿಳಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ಉಂಡೆ ಎಸೆಯುವಂತೆ ಕೈ ಬೀಸಿ, ತನ್ನ ಕೈಗೆ ತಾನೇ ಪೆಟ್ಟು ಕೊಟ್ಟುಕೊಂಡು, ಇನ್ನು ಎಸೆಯುವುದಿಲ್ಲ ಎಂದು ಕತ್ತು ಹಿಡಿದು ಆಣೆ ಮಾಡಿದಳು. ದೊಡ್ಡಕ್ಕ ಅಲ್ಲ ಅಲ್ಲ ಎಂದು ತಲೆಯಾಡಿಸಿದಳು. ಮತ್ತೆ ಲಾಂಡ್ರಿ ತೋರಿಸಿದಳು, ಮತ್ತೆ ನಾಳೆ ಬೇಡ ಎಂದಳು. ಗಿಳಿಯ ಮುಖ ಅರಳಿತು. ಎರಡೂ ಕೈ ಕೆನ್ನೆಗಿಟ್ಟು ಮಲಗುವಂತೆ ತೋರಿಸಿದಳು. ನಾಳೆ ರಜೆಯೋ? ಅದನ್ನು ಮೊದಲೇ ಹೇಳಬಾರದೆ!

ದೊಡ್ಡಕ್ಕ ಗಿಳಿಯ ಅಣ್ಣನಿಗಾದರೂ ಹೇಳಬಹುದಿತ್ತು. ಅವರ ಮನೆಯ ಬಾಗಿಲವರೆಗೂ ಹೋದಳು. ಒಳಗೆ ಅತ್ತಿಗೆ, ಗಿಳಿ ಎದುರುಬದುರು ಕೂತು ತಿನ್ನುತ್ತಿದ್ದುದು ಕಾಣಿಸಿತು. ಒಳಗೆ ಕಾಲಿಡಲಾಗದೆ ಹಿಂತಿರುಗಿದಳು.

ಒಂದು ದಿನ ಬಿಟ್ಟು ಗಿಳಿ ಬಂದಳು. ಎಲ್ಲರಿಗಿಂತ ಮೊದಲೇ ಬಂದಳು. ಅಳಿಯ ಬಾಗಿಲಿಗೆ ಬಂದು ನೋಡಿದಾಗ ಅವಳ ದೀಪ ಹೊತ್ತಿತ್ತು, ಪೆಟ್ಟಿಗೆ ಕಾಯುತ್ತಿತ್ತು.

“ಹೇಳಿಲ್ವಾ ನೀವು?” ಎಂದ ಮೆಲ್ಲಗೆ.

“ಹೇಳ್ತೀನಿ,” ಎಂದಳು ದೊಡ್ಡಕ್ಕ.

ನೇರ ಹೋಗಿ ಗಿಳಿಯ ಮೇಜಿನ ಸ್ವಿಚ್ಚು ಆರಿಸಿದಳು. ಗಿಳಿ ನೋಡಿದಳು. ತಮಾಷೆ ಎಂದುಕೊಂಡಳೋ ಏನೋ, ಹಲ್ಲು ಕಿಸಿದು ಮತ್ತೆ ಹಾಕಿದಳು. ದೊಡ್ಡಕ್ಕ ಮತ್ತೆ ಆರಿಸಿದಳು. ಗಿಳಿ ಅವಳ ಕೈಗೊಂದು ಚಿಕ್ಕ ಏಟು ಕೊಟ್ಟು ಮತ್ತೆ ಹಾಕಿದಳು. ಗಳ ತಡಿಕೆಯ ಆಚೆಯಿಂದ, “ದೊಡ್ಡಕ್ಕ, ಬೇಡ ದೊಡ್ಡಕ್ಕ,” ಎಂದ. ಅವನ ದನಿ ಯಾವತ್ತೂ ಹಾಗಿರಲಿಲ್ಲ.

ಮೂರನೆಯ ಸಲ ಆರಿಸಿ ದೊಡ್ಡಕ್ಕ ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿ ನಿಂತಳು.

ಗಿಳಿ ಆ ಕೈಯನ್ನು ನೋಡಿದಳು. ದೊಡ್ಡಕ್ಕನ ಮುಖ ನೋಡಿದಳು. ನಗು ಒಂದೇ ಸಲಕ್ಕೆ ಹೋಗಲಿಲ್ಲ. ತುಟಿಯಲ್ಲಿ ಸ್ವಲ್ಪ ಹೊತ್ತು ದಿಕ್ಕು ತಪ್ಪಿದಂತೆ ನಿಂತು, ಆಮೇಲೆ ಹೋಯಿತು. ತಿರುಗಿ ಕೋಣೆಯ ಉದ್ದಕ್ಕೂ ಕಣ್ಣಾಡಿಸಿದಳು. ಎಲ್ಲರ ಮುಖವೂ ಗೋಡೆಗಿತ್ತು.

ಅವಳು ಅಳಲಿಲ್ಲ, ಹೊರಡಲೂ ಇಲ್ಲ. ರಾಶಿಯಿಂದ ಒಂದು ಹೊದಿಕೆ ಎಳೆದು ಮೇಜಿನ ಮೇಲೆ ಹರಡಿದಳು. ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಅಂಗೈಯಿಂದಲೇ ಸುಕ್ಕು ತೀಡತೊಡಗಿದಳು. ಮೈಭಾರವನ್ನೆಲ್ಲ ಹಾಕಿ, ಅಂಚಿನಿಂದ ಅಂಚಿಗೆ, ಒತ್ತಿ ಒತ್ತಿ ತೀಡಿದಳು. ಒಂದು ಕಡೆ ಹೋದ ಸುಕ್ಕು ಇನ್ನೊಂದು ಕಡೆ ಏಳುತ್ತಿತ್ತು. ಮತ್ತೆ ಅಲ್ಲಿಗೆ ಹೋಗಿ ತೀಡುತ್ತಿದ್ದಳು. ಅಳಿಯ ಬಾಗಿಲಲ್ಲಿ ಇನ್ನೂ ನಿಂತೇ ಇದ್ದ.

ದೊಡ್ಡಕ್ಕ ಸ್ವಿಚ್ಚಿನಿಂದ ಕೈ ತೆಗೆದಳು. ಹೊದಿಕೆಯ ಎರಡು ತುದಿ ಹಿಡಿದು, ಗಿಳಿಯ ಅಂಗೈಗಳ ಅಡಿಯಿಂದ ಅದನ್ನು ಮೆಲ್ಲಗೆ ಎಳೆದುಕೊಂಡಳು.